ಫುಪ್ಪಿ ತೋಬಾ ಮಾಡಿದ ವರ್ಷ

ಹೋದ ತಿಂಗಳು ಆರ್.ಟಿ. ನಗರದಲ್ಲಿ ಕಣ್ಣಿನ ಡಾಕ್ಟರನ್ನು ನೋಡಿಕೊಂಡು ಬಂದು, ಹೊಲಿಗೆ ಮೆಷೀನು ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರ ಮುಂದೆ ಆಟೋಗೆ ಕಾಯುತ್ತಿದ್ದೆ. ಕಣ್ಣಿಗೆ ಹಾಕಿದ್ದ ಔಷಧಿಯಿಂದ ಎದುರಿನದೆಲ್ಲ ಮಸುಕು. ಕಣ್ಣು ಕೈಕೊಟ್ಟಾಗ ಮೂಗು ಚುರುಕಾಗುತ್ತದೇನೋ, ಅಂಗಡಿಯ ಒಳಗಿನಿಂದ ಮೆಷೀನಿನ ಎಣ್ಣೆಯ ವಾಸನೆ ಬಂತು. ಜೊತೆಗೇ ಹೊಸ ಬಟ್ಟೆಯ ಗಂಜಿಯ ವಾಸನೆ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಇಷ್ಟು ವರ್ಷ ಕಳೆದರೂ ಆ ವಾಸನೆ ಬಂದರೆ ನನ್ನ ಮೈಗೆ ಹೊಳೆಯುವುದು ಒಂದೇ ಮಾತು: ಬಾಯಿ ಮುಚ್ಚು, ಫುಪ್ಪಿ ಬಂದಳು.

ಫುಪ್ಪಿ ಅಂದರೆ ನನ್ನ ಅಬ್ಬಾನ ಅಕ್ಕ, ಮೆಹರುನ್ನಿಸಾ. ಎಂಬತ್ತರ ದಶಕದ ಶುರುವಿನಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ ಆಟೋದಲ್ಲಿ ತನ್ನ ಹೊಲಿಗೆ ಮೆಷೀನನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಮ್ಮ ಮನೆಗೆ ಬಂದಿಳಿದಳು. ಆಗ ಆರ್.ಟಿ. ನಗರದಲ್ಲಿ ಖಾಲಿ ಸೈಟುಗಳೇ ಹೆಚ್ಚು, ಮಳೆ ಬಂದರೆ ರಸ್ತೆ ಕೆಸರು. ನಮ್ಮದು ಮುಂದೆ ಶೀಟಿನ ವರಾಂಡ ಇದ್ದ ಎರಡು ರೂಮಿನ ಬಾಡಿಗೆ ಮನೆ. ಅಬ್ಬಾ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಹೆಬ್ಬಾಳದ ಒಂದು ಪ್ರೈಮರಿ ಸ್ಕೂಲಿಗೆ ಆಗಷ್ಟೇ ಸೇರಿದ್ದೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಉರ್ದು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಫುಪ್ಪಿಗೆ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮತ್ತಿಕೆರೆಯಲ್ಲಿ ಮಗ ಯೂಸುಫನ ಜೊತೆ ಇದ್ದಳು. ಅಲ್ಲಿಂದ ಯಾಕೆ ಬಂದಳು ಅಂತ ಅಬ್ಬಾ ನಮಗೆ ಹೇಳಲಿಲ್ಲ, ಆದರೆ ಅಂಥ ವಿಷಯ ಹೇಳಬೇಕಾಗಿಯೂ ಇರಲಿಲ್ಲ. ಸೊಸೆ ಹಗಲೆಲ್ಲ ಮಲಗಿರ್ತಾಳೆ, ಒಲೆ ಮುಂದೆ ಬರಲ್ಲ ಅಂತ ಫುಪ್ಪಿ ಬೀದಿ ತುಂಬ ಹೇಳಿಕೊಂಡು ಬಂದಿದ್ದಳು. ಆ ಹುಡುಗಿಗೆ ನಿಂತರೆ ತಲೆಸುತ್ತು ಬರುವಷ್ಟು ರಕ್ತ ಕಮ್ಮಿಯಾಗಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು. ಅತ್ತೆ ಇರಬೇಕು, ಇಲ್ಲ ನಾನಿರಬೇಕು ಅಂತ ಅವಳು ತವರಿಗೆ ಹೋಗಿ ಕೂತಳು. ಯೂಸುಫ್ ಭಾಯಿ ಅಮ್ಮನನ್ನು ಆಟೋ ಹತ್ತಿಸಿದ.

ಅವಳು ಬಂದ ದಿನ ಅಮ್ಮಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ನಸೀಮಾ, ಇವತ್ತಿಂದ ಅವಳ ಮುಂದೆ ಏನೂ ಮಾತಾಡ್ಬೇಡ. ಸ್ಕೂಲಿನ ವಿಷಯ ಬೇಡ, ಫ್ರೆಂಡ್ಸ್ ವಿಷಯ ಬೇಡ. ಸಾರಿಗೆ ಉಪ್ಪು ಜಾಸ್ತಿಯಾದ್ರೂ ಹೇಳ್ಬೇಡ."

ಫುಪ್ಪಿ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು, ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು, ಹಳೇ ಸೀರೆಗಳನ್ನು ಸೇರಿಸಿ ಹೊದಿಕೆ ಹೊಲಿಯುತ್ತಿದ್ದಳು. ಕೆಲಸ ಕೇಳಿಕೊಂಡು ಮನೆಮನೆಗೆ ಹೋಗುವಳು. ಹಿಂದೂಗಳ ಮನೆ, ಮುಸ್ಲಿಮರ ಮನೆ, ತಮಿಳರ ಮನೆ, ಎಲ್ಲ ಕಡೆಯೂ ಅವಳಿಗೆ ಒಳಗೆ ಬಾ ಅನ್ನುವವರು ಇದ್ದರು. ಒಂದು ಮನೆಯಿಂದ ಸೀರೆ ತಂದರೆ ಅದರ ಮಡಿಕೆಯಲ್ಲಿ ಆ ಮನೆಯ ಸುದ್ದಿಯೂ ಬರುತ್ತಿತ್ತು. ಹೇಳುವ ಮೊದಲು ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡು, "ತೋಬಾ ತೋಬಾ, ನಾನ್ಯಾಕೆ ಹೇಳ್ಲಿ, ಅಲ್ಲಾಹ್ ಮಾಫ್ ಮಾಡ್ಲಿ" ಅನ್ನುವಳು. ಆಮೇಲೆ ಹೇಳುವಳು. ತೋಬಾ ಅಂದರೆ ಮಾಡಿದ ಪಾಪಕ್ಕೆ ಮರುಗಿ ಅಲ್ಲಾಹನ ಕಡೆಗೆ ತಿರುಗಿ ಬರುವುದು. ಫುಪ್ಪಿಯ ಬಾಯಲ್ಲಿ ಅದು ಪಾಪದ ಪೀಠಿಕೆಯಾಗಿಬಿಟ್ಟಿತ್ತು. ಆ ಶಬ್ದ ಕಿವಿಗೆ ಬಿದ್ದರೆ ಸಾಕು, ನಲ್ಲಿಯ ಹತ್ತಿರ ನಿಂತ ಹೆಂಗಸರು ಕೊಡ ಕೆಳಗಿಟ್ಟು ಹತ್ತಿರ ಬರುತ್ತಿದ್ದರು.

ನಮ್ಮ ಪಕ್ಕದ ಮನೆ ರತ್ನಮ್ಮನವರದು. ಹೆಬ್ಬಾಳದ ಹಳೇ ಊರಿನವರು. ಕೆರೆ ಹಿಂದಿನ ಜಮೀನು ಕೈಬಿಟ್ಟ ಮೇಲೆ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರ ಮಗಳು ಗೀತಾ ನನ್ನ ವಾರಿಗೆಯವಳು. ನಮ್ಮ ಎರಡು ಮನೆಗಳ ನಡುವೆ ಎದೆಯೆತ್ತರದ ಕಾಂಪೌಂಡು. ಚಿಕ್ಕಂದಿನಿಂದ ನಾವಿಬ್ಬರೂ ಅದರ ಮೇಲೆ ಮೊಣಕೈ ಊರಿಕೊಂಡು ಮಾತಾಡಿದ್ದು ಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಜಾಸ್ತಿ. ಆ ವರ್ಷ ಗೀತಾಗೆ ಕೆಂಪಾಪುರದ ಒಂದು ಗಂಡು ಹೆಚ್ಚುಕಮ್ಮಿ ಗೊತ್ತಾಗಿತ್ತು. ಸೀರೆ ಕೂಡ ತಂದಾಗಿತ್ತು. ಅದಕ್ಕೆ ಫಾಲ್ ಹಚ್ಚಲು ಕೊಟ್ಟದ್ದು ನಮ್ಮ ಫುಪ್ಪಿಯ ಕೈಗೆ.

ಮೊದಲ ಮಳೆ ಬಿದ್ದ ವಾರ. ಫುಪ್ಪಿ ಕೆಂಪಾಪುರದ ಮನೆಯೊಂದಕ್ಕೆ ಹೊದಿಕೆ ಕೊಡಲು ಹೋಗಿದ್ದಳು. ಅದು ಆ ಹುಡುಗನ ಸೋದರತ್ತೆಯ ಮನೆ. ಗೀತಾ ಹೆಸರು ಬಂತು. ಫುಪ್ಪಿ ಕೆನ್ನೆ ಬಡಿದುಕೊಂಡಳು. "ತೋಬಾ ತೋಬಾ, ನಾನ್ಯಾಕೆ ಹೇಳ್ಲಿ. ಹೆಬ್ಬಾಳ ಬಸ್ ಸ್ಟಾಪಲ್ಲಿ ಒಬ್ಬ ಹುಡುಗನ ಜೊತೆ ಒಂದೇ ಕೊಡೇಲಿ ನಿಂತಿದ್ಳು."

ವಾರದೊಳಗೆ ಸಂಬಂಧ ಮುರಿಯಿತು. ಕಾರಣ ಕೇಳಲು ಹೋದ ಗೀತಾಳ ಅಪ್ಪನಿಗೆ ಅವರು ಕೂರಲು ಕುರ್ಚಿಯನ್ನೂ ಕೊಡಲಿಲ್ಲವಂತೆ. ರತ್ನಮ್ಮ ನಮ್ಮ ಗೇಟಿನ ಮುಂದೆ ನಿಂತು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. "ನಿಮ್ಮನೆ ಮಗೂನ ನಾನು ಎತ್ತಿ ಆಡಿಸಿಲ್ವೇನಮ್ಮಾ? ಇಂಗೆ ಮಾಡ್ತಾರಾ ಯಾರಾದ್ರೂ? ನನ್ನ ಮಗಳ ಬಾಳಿಗೆ ಮಣ್ಣಾಕಿದ್ರಲ್ಲ, ನಿಮಗೇನ್ ಸಿಕ್ತು ಏಳಿ!"

ಅಮ್ಮಿ ತಲೆ ತಗ್ಗಿಸಿ ನಿಂತಿದ್ದಳು. ಅಂದಿನಿಂದ ಗೀತಾ ಕಾಂಪೌಂಡಿನ ಹತ್ತಿರ ಬರಲಿಲ್ಲ. ನಾನು ಬಟ್ಟೆ ಒಣಹಾಕಲು ಹೋದರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಅಬ್ಬಾ ತಮ್ಮ ಅಕ್ಕನ ಮೇಲೆ ದನಿ ಎತ್ತಿದ್ದನ್ನು ಆ ಸಂಜೆಯೇ ಮೊದಲು ಕೇಳಿದ್ದು. "ನೋಡಿದ್ಯಾ ನೀನು? ಗೀತಾನ ಮುಖ ನೋಡಿದ್ಯಾ?"

ಫುಪ್ಪಿ ನಮಾಜಿನ ಚಾಪೆ ಹಾಸಿಕೊಂಡು ಕೂತು ಬಿಕ್ಕಿಬಿಕ್ಕಿ ಅತ್ತಳು, ಇನ್ನು ಯಾರ ಸುದ್ದಿಗೂ ಹೋಗಲ್ಲ ಅಂತ ಅಲ್ಲಾಹನ ಮುಂದೆ ಗಟ್ಟಿಯಾಗಿ ಹೇಳಿಕೊಂಡಳು. ಕೆಲವು ದಿನ ಮನೆ ಸ್ತಬ್ಧ. ಆಮೇಲೆ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರದಿಂದ ಆ ಪರಿಚಿತ ದನಿ ತೇಲಿಬಂತು: ತೋಬಾ ತೋಬಾ, ನಾನ್ಯಾಕೆ ಹೇಳ್ಲಿ... ಮತ್ತೆ ಜಗಳ, ಮತ್ತೆ ಅಳು, ಮತ್ತೆ ಆಣೆ. ಇದೇ ನಡೆಯಿತು ಮಳೆ ಹಿಡಿಯುವ ತನಕ. ಅಮ್ಮಿಗೆ ಅವಳ ಕಣ್ಣೀರು ಕಂಡರೆ ಮೈ ಉರಿಯುತ್ತಿತ್ತು. "ಕೊಳಾಯೀಲಿ ನೀರು ಬರದಿದ್ರೂ ಇವಳ ಕಣ್ಣಲ್ಲಿ ಬರುತ್ತೆ" ಅನ್ನುವಳು. ನಾನಂತೂ ಅವಳು ಅಳುವಾಗ ಬೆರಳ ಸಂದಿಯಿಂದ ನಮ್ಮನ್ನು ನೋಡುತ್ತಿದ್ದಾಳಾ ಅಂತ ಗಮನಿಸುತ್ತಿದ್ದೆ.

ಆ ವರ್ಷ ರಂಜಾನ್ ಮಳೆಗಾಲದಲ್ಲಿ ಬಂತು. ಎರಡು ಬೀದಿ ಆಚೆ ಜುಬೇದಾ ಆಪಾ ಅಂತ ಒಬ್ಬರು ವಯಸ್ಸಾದ ಹೆಂಗಸು ಇದ್ದರು, ಮಕ್ಕಳಿಗೆ ಕುರಾನ್ ಓದುವುದನ್ನು ಕಲಿಸುತ್ತಿದ್ದರು. ರಂಜಾನಿನಲ್ಲಿ ಮಧ್ಯಾಹ್ನ ಹೆಂಗಸರನ್ನು ಕೂರಿಸಿಕೊಂಡು ಅರ್ಥ ಹೇಳುವರು. ಫುಪ್ಪಿ ತಾನೂ ಹೋಗುತ್ತೇನೆ ಅಂದಾಗ ಅಮ್ಮಿ ನನ್ನ ಕಡೆ ನೋಡಿದಳು. ಅಷ್ಟು ಹೆಂಗಸರು ಒಂದೇ ಕಡೆ ಸಿಗುತ್ತಾರೆ, ಇವಳು ಯಾಕೆ ಹೋಗ್ತಾಳೆ ಅಂತ ಗೊತ್ತಿಲ್ವಾ ಅನ್ನುವ ನೋಟ. "ನಸೀಮಾನೂ ಬರ್ತಾಳೆ" ಅಂದಳು. ನಾನು ಹೋದದ್ದು ಕಾವಲಿಗೆ.

ಆ ಮಧ್ಯಾಹ್ನ ಆಪಾ ಓದಿದ್ದು ಚಾಡಿಯ ವಿಷಯ. ಎದುರಿಗಿಲ್ಲದವರನ್ನು ಆಡಿಕೊಳ್ಳುವುದು ಸತ್ತ ಅಣ್ಣನ ಮಾಂಸ ತಿಂದ ಹಾಗೆ ಅಂತ ಕುರಾನ್ ಹೇಳುತ್ತದೆ ಅಂತ ವಿವರಿಸಿದರು. ಇಲ್ಲದ್ದನ್ನು ಕಟ್ಟಿ ಹೇಳಿದರೆ ಅದು ಇನ್ನೂ ದೊಡ್ಡ ಪಾಪ ಅಂದರು. ಹೆಂಗಸರೆಲ್ಲ "ತೋಬಾ ತೋಬಾ" ಅಂದರು. ಫುಪ್ಪಿ ಮಾತ್ರ ಅನ್ನಲಿಲ್ಲ. ನಾನು ಅದನ್ನು ಗಮನಿಸಿದೆ, ಇದ್ಯಾವ ಹೊಸ ವೇಷ ಅಂದುಕೊಂಡೆ.

ಎಲ್ಲರೂ ಎದ್ದು ಹೋದ ಮೇಲೂ ಫುಪ್ಪಿ ಕೂತೇ ಇದ್ದಳು. ನಾನು ವರಾಂಡದಲ್ಲಿ ಚಪ್ಪಲಿ ಹುಡುಕುವ ನೆಪ ಮಾಡಿಕೊಂಡು ನಿಂತೆ.

"ಆಪಾ, ನಾನು ತೋಬಾ ಮಾಡ್ತೀನಿ, ಮುರೀತೀನಿ. ಮಾಡ್ತೀನಿ, ಮುರೀತೀನಿ" ಅಂದಳು ಫುಪ್ಪಿ. "ಇನ್ನೊಂದ್ಸಲ ಯಾವ ಮುಖ ಇಟ್ಕೊಂಡು ಕೇಳ್ಲಿ? ಅಲ್ಲಾಹನಿಗೂ ನನ್ನ ಕಂಡ್ರೆ ನಗು ಬರುತ್ತೇನೋ."

"ಮಾಡಿದ್ದಕ್ಕೆ ನಾಚಿಕೆ ಆಗ್ಬೇಕು, ಆಗ್ಲಿ" ಅಂದರು ಆಪಾ. "ವಾಪಸ್ ಬರೋದಕ್ಕೆ ನಾಚಿಕೆ ಆಯ್ತು ಅಂದ್ರೆ ಅದು ಶೈತಾನನ ಕೆಲಸ. ಅವನಿಗೆ ನೀನು ಬೀಳೋದಕ್ಕಿಂತ ಬಿದ್ದಲ್ಲೇ ಮಲಗೋದು ಇಷ್ಟ. ನೀನು ಎಷ್ಟು ಸಲ ಬಂದ್ರೂ ಅಲ್ಲಾಹ್ ಬಾಗಿಲು ಹಾಕಲ್ಲ ಮೆಹರು. ಆದ್ರೆ ನೀನು ಬಾಯಲ್ಲಿ ಬರ್ತಿದೀಯ, ಕಾಲಲ್ಲಿ ಬರ್ತಿಲ್ಲ."

"ಅಂದ್ರೆ?"

"ಪಾಪ ಬಿಡ್ಬೇಕು, ಮನಸ್ಸು ಸುಡ್ಬೇಕು, ಇನ್ನು ಮಾಡಲ್ಲ ಅಂತ ಗಟ್ಟಿಯಾಗ್ಬೇಕು. ಅದು ನಿನಗೂ ಅಲ್ಲಾಹನಿಗೂ ಇರೋದು. ಆದ್ರೆ ಆ ಹುಡುಗಿಯ ಮಾನ ತಗೊಂಡೆಯಲ್ಲ, ಅದು ಅವಳದು. ಅದನ್ನ ಅಲ್ಲಾಹನ ಹತ್ರ ಕೇಳಿದ್ರೆ ಆಗಲ್ಲ. ಎಲ್ಲೆಲ್ಲಿ ಹೇಳಿದೀಯೋ ಅಲ್ಲಲ್ಲಿಗೆ ಹೋಗಿ ಸುಳ್ಳು ಅಂತ ಹೇಳು. ಆಮೇಲೆ ಅವಳ ಹತ್ರ ಹೋಗು."

ಆ ಸಂಜೆ ಇಫ್ತಾರಿಗೆ ಅಮ್ಮಿ ಖೀಮಾ ಸಮೋಸ ಮಾಡಿದ್ದಳು. ಫುಪ್ಪಿಗೆ ಪ್ರಾಣ ಅದು. ಖರ್ಜೂರ ತಿಂದು ನೀರು ಕುಡಿದು, ಒಂದು ಸಮೋಸ ಮುರಿದಳು. ಒಳಗಿನ ಮಾಂಸ ನೋಡುತ್ತ ಕೂತಳು. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ಬಚ್ಚಲಿಗೆ ಎದ್ದು ಹೋದಳು. ವಾಂತಿ ಮಾಡುವ ಶಬ್ದ ಕೇಳಿಸಿತು.

"ನಾಟಕ" ಅಂದಳು ಅಮ್ಮಿ. ನನಗೂ ನಾಟಕ ಅಂತಲೇ ಅನಿಸಿತು, ಆದರೆ ಆ ಶಬ್ದ ಕಿವಿಯಿಂದ ಹೋಗಲಿಲ್ಲ.

ಅದಾದ ಮೇಲೆ ಫುಪ್ಪಿ ದಿನಾ ಮಧ್ಯಾಹ್ನ ಚೀಲ ಹಿಡಿದು ಹೊರಡತೊಡಗಿದಳು. ಎಲ್ಲಿಗೆ ಅಂದರೆ ಕೆಲಸ ಇದೆ ಅನ್ನುವಳು. ಚೀಲದಲ್ಲಿ ಬಟ್ಟೆ ಇರುತ್ತಿರಲಿಲ್ಲ, ನಾನು ನೋಡಿದ್ದೆ. ಉಪವಾಸದ ಬಾಯಿ ಒಣಗಿ, ಸೀರೆಯಂಚು ಕೆಸರಾಗಿ ಸಂಜೆ ಬರುವಳು. ಮೊದಲು ಮನೆಗೆ ಬರುತ್ತಿದ್ದ ಸೀರೆಗಳು ಕಡಿಮೆಯಾದವು. ಮೆಷೀನು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿತು. ಕೆಲಸವೇ ಇಲ್ಲದೆ ಇವಳು ಎಲ್ಲಿಗೆ ಹೋಗ್ತಾಳೆ ಅಂತ ಅಮ್ಮಿ ನನ್ನನ್ನು ಕೇಳುವಳು, ನಾನು ಅಮ್ಮಿಯನ್ನು ಕೇಳುವೆ.

ಉತ್ತರ ತಂದುಕೊಟ್ಟವಳು ಕೊನೆಯ ಬೀದಿಯ ಒಬ್ಬ ಹೆಂಗಸು. ಗೇಟಿನ ಹೊರಗೇ ನಿಂತು ಅಮ್ಮಿಗೆ ಹೇಳಿದಳು. "ನಿಮ್ಮೆಜಮಾನ್ರ ಅಕ್ಕ ಮತ್ತೆ ಶುರು ಮಾಡಿದಾರೆ ಕಣ್ರೀ. ನಿನ್ನೆ ನಮ್ಮನೆಗೆ ಬಂದು ಗೀತಾ ವಿಷಯಾನೇ ತೆಗೆದ್ರು. ನಾನು ಬೇಡಮ್ಮಾ ಹೋಗಿ ಅಂತ ಬಾಗಿಲು ಹಾಕ್ಕೊಂಡೆ."

ಅಮ್ಮಿಯ ಮುಖ ಬೂದಿಯಾಯಿತು. ಅಬ್ಬಾ ಬಂದ ಕೂಡಲೇ ಹೇಳಿದಳು. ಅಬ್ಬಾ "ಈದ್ ಆಗ್ಲಿ. ಆಮೇಲೆ ಯೂಸುಫ್‌ನ ಕರೆಸ್ತೀನಿ. ನನ್ನ ಕೈಲಿ ಆಗಲ್ಲ" ಅಂದರು. ಫುಪ್ಪಿ ಪಕ್ಕದ ರೂಮಿನಲ್ಲೇ ಇದ್ದಳು. ಅಬ್ಬಾನ ಮಾತು ಕೇಳಿಸಿರಲೇಬೇಕು. ಹೊರಗೆ ಬಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಸುಮ್ಮನಿದ್ದದ್ದೇ ನಮಗೆ ತಪ್ಪೊಪ್ಪಿಗೆಯ ಹಾಗೆ ಕಂಡಿತು.

ಮರುದಿನ ಶನಿವಾರ, ಸ್ಕೂಲು ಅರ್ಧ ದಿನ. ಹೆಬ್ಬಾಳದಲ್ಲಿ ಬಸ್ಸಿಗೆ ನಿಂತಿದ್ದಾಗ ರಸ್ತೆಯ ಆಚೆ ಬದಿಯಲ್ಲಿ ಫುಪ್ಪಿ ಕಂಡಳು. ಜಿನುಗುಮಳೆಯಲ್ಲಿ ಕೊಡೆಯಿಲ್ಲದೆ, ಸೆರಗು ತಲೆ ಮೇಲೆಳೆದುಕೊಂಡು ಕೆಂಪಾಪುರದ ಕಡೆ ನಡೆಯುತ್ತಿದ್ದಳು. ಕೆಂಪಾಪುರ ಅಂದರೆ ಆ ಹುಡುಗನ ಅತ್ತೆಯ ಮನೆ. ಇವತ್ತು ಕೈಯಾರೆ ಹಿಡಿಯಬೇಕು ಅಂತ ಹಿಂದೆಯೇ ಹೋದೆ. ದ್ರಾಕ್ಷಿ ತೋಟದ ಬೇಲಿ ದಾಟಿ, ಹುಣಸೆಮರದ ತಿರುವಿನಲ್ಲಿ ಹೆಂಚಿನ ಮನೆಯೊಂದರ ಮುಂದೆ ಅವಳು ನಿಂತಳು. ನಾನು ಪಕ್ಕದ ಹುಲ್ಲಿನ ಬಣವೆಯ ಮರೆಯಲ್ಲಿ ನಿಂತೆ.

ಬಾಗಿಲು ತೆಗೆದ ಹೆಂಗಸು ಒಳಗೆ ಕರೆಯಲಿಲ್ಲ. ಫುಪ್ಪಿ ಅಂಗಳದಲ್ಲೇ ನಿಂತು, ನಡುಗುವ ಕನ್ನಡದಲ್ಲಿ ಶುರುಮಾಡಿದಳು.

"ಅಮ್ಮಾ, ಅವತ್ತು ನಾನು ಹೇಳಿದ್ದು ಸುಳ್ಳು. ಕೊಡೆ ಕೆಳಗೆ ಒಂದು ಹುಡುಗಿ ನಿಂತಿದ್ದು ನಿಜ. ಮುಖ ನಾನು ನೋಡ್ಲಿಲ್ಲ. ಲಂಗದ ಬಣ್ಣ ನೋಡಿ ಗೀತಾ ಅಂತ ನಾನೇ ಸೇರಿಸ್ಕೊಂಡೆ. ನಿಮ್ಮ ಮುಂದೆ ಹೇಳೋವಾಗ ನನಗೇ ಖುಷಿಯಾಗಿತ್ತು, ಅದಕ್ಕೆ ಹೇಳ್ದೆ. ಆ ಮಗು ಏನೂ ಮಾಡಿಲ್ಲ."

ಆ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರ್ ಕಳ್ಸಿದ್ರು ನಿನ್ನ? ರತ್ನಮ್ಮನಾ?"

"ಯಾರೂ ಇಲ್ಲಮ್ಮ. ನಾನೇ ಬಂದೆ."

"ಅವತ್ತು ಕಣ್ಣಾರೆ ಕಂಡೆ ಅಂತ ಅಂದ್ಯಲ್ಲ. ಇವತ್ತು ಇಲ್ಲ ಅಂತೀಯ. ಯಾವುದನ್ನ ನಂಬಾನ? ಆ ಹುಡ್ಗಂಗೆ ಬೇರೆ ಕಡೆ ಗೊತ್ತಾಗೋಯ್ತು, ಓಗು ಓಗು." ಬಾಗಿಲು ಮುಚ್ಚಿಕೊಂಡಿತು.

ಸುಳ್ಳು ಹೇಳಿದ ದಿನ ಆ ಬಾಗಿಲಿನಲ್ಲಿ ಅವಳಿಗೆ ಕಾಫಿ ಸಿಕ್ಕಿತ್ತು. ಯಾರೂ ಸಾಕ್ಷಿ ಕೇಳಿರಲಿಲ್ಲ.

ಅವಳು ತಿರುಗಿದಾಗ ನಾನು ಮರೆಯಿಂದ ಈಚೆ ಬಂದೆ. ಬೆಚ್ಚಿಬಿದ್ದಳು. ಆಮೇಲೆ, "ಬಂದ್ಯಾ? ಸರಿ ನಡಿ, ಇಫ್ತಾರಿಗೆ ಹೊತ್ತಾಗುತ್ತೆ" ಅಂದಳು ಅಷ್ಟೇ. ದಾರಿಯಲ್ಲಿ ಕೇಳಿದೆ, ದಿನಾ ಹೀಗೇ ಹೋಗ್ತಿದೀರಾ ಅಂತ. ಹೇಳಿದ್ದು ಎಲ್ಲೆಲ್ಲಿ ಅಂತ ನೆನಪು ಮಾಡಿಕೊಳ್ಳೋದೇ ಕಷ್ಟ, ನಾನು ಹೇಳಿದವರು ಇನ್ನೊಬ್ಬರಿಗೆ ಹೇಳಿರ್ತಾರೆ, ಅಲ್ಲಿಗೂ ಹೋಗಬೇಕು ಅಂದಳು. ಹಾಗೆ ಹೋದ ಕಡೆಯೆಲ್ಲ ಜನ ಅವಳಿಗೆ ಸೀರೆ ಕೊಡುವುದನ್ನು ನಿಲ್ಲಿಸಿದ್ದರು.

"ಮನೇಲಿ ಹೇಳ್ಬಹುದಿತ್ತಲ್ಲ ಫುಪ್ಪಿ?"

"ಹೇಳಿದ್ರೆ ಅದೂ ಒಂದು ಸುದ್ದಿ ಆಗ್ತಿತ್ತು. ನನ್ನ ಬಾಯಿ ನನಗೆ ಗೊತ್ತು."

ನಾನು ಮನೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅಬ್ಬಾ ಯೂಸುಫನನ್ನು ಕರೆಸುವ ಮಾತು ಬಿಟ್ಟರು. ಅಮ್ಮಿ ಮಾತ್ರ ನಂಬಲಿಲ್ಲ. "ನೀನು ಹಿಂದೆ ಬರ್ತಿರೋದು ಅವಳಿಗೆ ಗೊತ್ತಿರುತ್ತೆ" ಅಂದಳು. ನಿಜ ಹೇಳಬೇಕೆಂದರೆ ಆ ಅನುಮಾನ ನನಗೂ ಒಂದು ಕ್ಷಣ ಬಂತು. ಬೆಚ್ಚಿಬಿದ್ದದ್ದು ಸ್ವಲ್ಪ ಜಾಸ್ತಿಯಾಯಿತಾ ಅಂತ.

ಈದ್‌ಗೆ ಮುಂಚಿನ ಸಂಜೆ ಫುಪ್ಪಿ ರತ್ನಮ್ಮನ ಗೇಟಿನ ಮುಂದೆ ಹೋಗಿ ನಿಂತಳು. ನಾವು ಕಾಂಪೌಂಡಿನ ಈಚೆ. ರತ್ನಮ್ಮ ಹೊರಗೆ ಬಂದು ನೋಡಿ, ಕಸದ ಬುಟ್ಟಿಯನ್ನು ಬೇಕೆಂತಲೇ ಅವಳ ಕಾಲ ಹತ್ತಿರ ಕೊಡವಿ ಒಳಗೆ ಹೋದರು. ಫುಪ್ಪಿ ಕದಲಲಿಲ್ಲ. ಕೊನೆಗೆ ಗೀತಾ ಬಂದಳು. ಸೊರಗಿದ್ದಳು, ಕಣ್ಣ ಕೆಳಗೆ ಕಪ್ಪು.

"ಏನ್ ಬೇಕು ನಿಮಗೆ?"

"ನಿನ್ನ ಹೆಸರು ಕೆಡಿಸ್ದೆ. ಸುಳ್ಳು ಅಂತ ಗೊತ್ತಿದ್ದೂ ಹೇಳ್ದೆ. ಹೇಳಿದ ಕಡೆಯೆಲ್ಲ ಹೋಗಿ ಸುಳ್ಳು ಅಂತ ಹೇಳಿಬಂದೆ, ಯಾರೂ ನಂಬ್ಲಿಲ್ಲ. ನಿನ್ನ ಹತ್ರ ಮಾಫಿ ಕೇಳೋಕೆ ಬಂದೆ."

"ನಾಳೆ ನೀವು ಇನ್ನೊಂದ್ ಹೇಳಲ್ಲ ಅಂತ ಏನ್ ಗ್ಯಾರಂಟಿ?"

ಫುಪ್ಪಿ ಆಣೆ ಹಾಕುತ್ತಾಳೆ ಅಂದುಕೊಂಡೆ. ಕೈ ಕೆನ್ನೆಗೆ ಹೋಗುತ್ತದೆ ಅಂದುಕೊಂಡೆ. ಅವಳು ಗೇಟಿನ ಸರಳನ್ನು ಹಿಡಿದುಕೊಂಡಳು.

"ಗ್ಯಾರಂಟಿ ಇಲ್ಲ ಮಗಳೇ. ಬಹಳ ಸಲ ಬಿದ್ದಿದೀನಿ. ಮತ್ತೆ ಬಿದ್ರೆ ಮತ್ತೆ ನಿನ್ನ ಬಾಗಿಲಿಗೇ ಬಂದು ಹೇಳ್ತೀನಿ. ಅಷ್ಟೇ ನನ್ನ ಕೈಲಿರೋದು."

ಗೀತಾ ಅವಳನ್ನೇ ನೋಡಿದಳು. "ನನಗೆ ಈಗ ಕ್ಷಮಿಸೋಕೆ ಆಗಲ್ಲ" ಅಂದಳು. "ಆಗುತ್ತೋ ಇಲ್ವೋ ಗೊತ್ತಿಲ್ಲ." ಫುಪ್ಪಿ ತಲೆಯಾಡಿಸಿ ವಾಪಸು ಬಂದಳು. ಈದ್ ದಿನ ಹೊಸ ಸೀರೆ ಉಡಲಿಲ್ಲ.

ಅವಳು ಅಲ್ಲಿಂದ ಸಂತಳಾಗಿಬಿಟ್ಟಳು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಈದ್ ಆದ ಸ್ವಲ್ಪ ದಿನಕ್ಕೇ, ಬೇಕರಿಯವನನ್ನು ಹೆಂಡತಿ ಹೊಡೆಯುತ್ತಾಳೆ ಅಂತ ನಲ್ಲಿಯ ಹತ್ತಿರ ಹೇಳಿದಳು. ಹೆಂಗಸರೆಲ್ಲ ನಕ್ಕರು. ಫುಪ್ಪಿಯೂ ನಕ್ಕಳು. ನಗುತ್ತ ನಗುತ್ತ ಬಾಯಿ ಹಾಗೇ ನಿಂತಿತು. ಕೊಡ ಅಲ್ಲೇ ಬಿಟ್ಟು ಮನೆಗೆ ಬಂದಳು, ಹೊತ್ತು ಮುಳುಗುವ ಮೊದಲು ಆ ಹೆಂಗಸರ ಮನೆಗಳಿಗೆಲ್ಲ ಹೋದಳು, ಆಮೇಲೆ ಬೇಕರಿಗೂ ಹೋದಳು. ಬೇಕರಿಯವನ ಹೆಂಡತಿ ಬೈದು ಕಳಿಸಿದಳಂತೆ. ಮುಂಚೆ ಆಗಿದ್ದರೆ ಬಿದ್ದದ್ದಕ್ಕೂ ಎದ್ದದ್ದಕ್ಕೂ ನಡುವೆ ವಾರಗಟ್ಟಲೆ ಅಂತರ ಇರುತ್ತಿತ್ತು. ಈಗ ಅಂತರ ಒಂದು ಮಧ್ಯಾಹ್ನಕ್ಕೆ ಇಳಿದಿತ್ತು. ಆಮೇಲೆ ಅವಳು ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಬೆಳಿಗ್ಗೆ ಬೇಗ ಎದ್ದು ಯಾರೂ ಇಲ್ಲದಾಗ ನೀರು ತರುವಳು. ಮತ್ತಿಕೆರೆಗೆ ಹೋಗಿ ಸೊಸೆಯ ಹತ್ತಿರವೂ ಮಾಫಿ ಕೇಳಿದಳು. ಆ ಹುಡುಗಿ ಒಂದು ಲೋಟ ಚಹಾ ಕೊಟ್ಟಳು, ಇಲ್ಲೇ ಇರಿ ಅನ್ನಲಿಲ್ಲ. ಆದರೂ ಫುಪ್ಪಿ ಆಗಾಗ ಯಶವಂತಪುರದ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ನಡೆದು ಅವಳನ್ನು ನೋಡಿಕೊಂಡು ಬರುತ್ತಿದ್ದಳು.

ಅಮ್ಮಿ ಮಾತ್ರ ಕಾವಲು ಬಿಡಲಿಲ್ಲ. ಫುಪ್ಪಿ ಸುಮ್ಮನಿದ್ದಷ್ಟೂ ಅಮ್ಮಿಗೆ ಅನುಮಾನ ಜಾಸ್ತಿ. "ಯಾವುದೋ ದೊಡ್ಡದನ್ನ ಹೊಟ್ಟೇಲಿ ಇಟ್ಕೊಂಡಿದಾಳೆ, ನೋಡ್ತಿರು" ಅನ್ನುವಳು. ಚಳಿ ಬಿದ್ದು, ಅವರೆಕಾಯಿಯ ಮೂಟೆಗಳು ಬರತೊಡಗಿದ ಹೊತ್ತಿಗೆ ಫುಪ್ಪಿ ಇನ್ನೂ ಮೌನಿಯಾದಳು. ಒಂದು ಸಂಜೆ ಮತ್ತಿಕೆರೆಯಿಂದ ಬಂದವಳು ಚಪ್ಪಲಿ ಕೂಡ ಬಿಡದೆ ವರಾಂಡದಲ್ಲಿ ಕೂತುಬಿಟ್ಟಳು. ಏನಾಯ್ತು ಅಂದರೆ ಏನಿಲ್ಲ. ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ಹಲವು ದಿನ ಅಮ್ಮಿ ಎದುರು ಬಂದರೆ ಎದ್ದು ಬೇರೆ ಕಡೆ ಹೋಗುತ್ತಿದ್ದಳು. ನಮಾಜು ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿರುವಳು. ನನಗೂ ಗಾಬರಿ. ಇವಳು ಈ ಸಲ ಯಾರ ಮನೆ ಮುರಿದಳೋ.

ಸಂಕ್ರಾಂತಿ ಹತ್ತಿರ ಬಂದಾಗ ಒಂದು ಭಾನುವಾರ ಬಟ್ಟೆ ಒಣಹಾಕುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ದನಿ ಬಂತು. "ನಸೀಮಾ."

ಗೀತಾ. ಅಷ್ಟು ತಿಂಗಳ ಮೇಲೆ ಮೊದಲ ಸಲ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದಳು. ದಸರಾ ಆದ ಮೇಲೆ ಅವಳು ಯಶವಂತಪುರದ ಕಡೆ ಒಂದು ರೇಡಿಯೋ ಕಾರ್ಖಾನೆಗೆ ಕೆಲಸಕ್ಕೆ ಸೇರಿದ್ದು ಗೊತ್ತಿತ್ತು. ಮುಖ ತುಂಬಿಕೊಂಡಿತ್ತು. ಸುತ್ತ ನೋಡಿ ದನಿ ತಗ್ಗಿಸಿದಳು.

"ನಿಮ್ಮ ಫುಪ್ಪಿ ನಿನಗೆ ಏನಾದ್ರೂ ಹೇಳಿದ್ರಾ? ನನ್ನ ವಿಷಯ?"

"ಇಲ್ಲ. ಏನು?"

"ನಿಜ ಹೇಳು. ನಿಮ್ಮಮ್ಮಂಗೆ? ನಿಮ್ಮ ಅಬ್ಬಾಗೆ?"

"ಗೀತಾ, ಅವರು ಈಗ ಬಾಯೇ ತೆಗೆಯಲ್ಲ."

ಅವಳು ಸ್ವಲ್ಪ ಹೊತ್ತು ಗೋಡೆಯ ಪಾಚಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಆಮೇಲೆ ಹೇಳಿದಳು. ಕಾರ್ಖಾನೆಯಲ್ಲಿ ಒಬ್ಬ ಇದ್ದಾನೆ, ಜಾತಿ ಬೇರೆ, ಒಳ್ಳೆಯವನು. ಕಾರ್ತಿಕದಲ್ಲಿ ಒಂದು ಸಂಜೆ ಯಶವಂತಪುರ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಅವನು ಅವಳ ಕೈ ಹಿಡಿದುಕೊಂಡಿದ್ದ. ತಲೆಯೆತ್ತಿದರೆ ಎದುರಿಗೆ ಫುಪ್ಪಿ.

"ಇಷ್ಟು ಹತ್ರ ಕಣೇ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು. ನಾನು ಸತ್ತೆ ಅಂದ್ಕೊಂಡೆ. ಸುಳ್ಳನ್ನೇ ಊರು ತುಂಬ ಹೇಳಿದೋರು, ನಿಜ ಸಿಕ್ಕಿದ್ರೆ ಬಿಡ್ತಾರಾ? ನೋಡಿ, ನಾನು ಅವತ್ತೇ ಹೇಳಿದ್ನಲ್ಲ ಅಂತ ಎಲ್ಲರ ಬಾಗಿಲಿಗೂ ಹೋಗ್ಬಹುದಿತ್ತು. ಅವರಿಗೆ ಬೈದೋರು, ಅವರನ್ನ ನೋಡಿ ಬಾಗಿಲು ಹಾಕ್ಕೊಂಡೋರು, ಎಲ್ಲರೂ ಬಾಯಿ ಮುಚ್ಕೋತಿದ್ರು. ದಿನಾ ಕಾಯ್ತಾ ಇದ್ದೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಅಪ್ಪ ಕೆಮ್ಮಿದ್ರೂ ಎದೆ ಹೊಡ್ಕೋತಿತ್ತು." ಅವಳ ಕಣ್ಣು ತುಂಬಿತು. "ಯಾರೂ ಏನೂ ಕೇಳ್ಲಿಲ್ಲ ನಸೀಮಾ. ಒಬ್ಬರೂ ಕೇಳ್ಲಿಲ್ಲ."

ಒಳಗಿನಿಂದ ರತ್ನಮ್ಮ ಕರೆದರು. ಗೀತಾ ಬೇಗಬೇಗ ಹೇಳಿದಳು. "ಮನೇಲಿ ಇನ್ನೂ ಹೇಳಿಲ್ಲ. ನೀನು ಯಾರಿಗೂ ಹೇಳ್ಬೇಡ, ನಿಮ್ಮಮ್ಮಂಗೂ. ಫುಪ್ಪಿಗೆ ಮಾತ್ರ ಹೇಳು... ಅವತ್ತು ಗೇಟ್ ಹತ್ರ ಕೇಳಿದ್ರಲ್ಲ, ಅದನ್ನ ಕೊಟ್ಟೆ ಅಂತ ಹೇಳು."

ಮುಂದಿನ ವರ್ಷ ಗೀತಾ ಅವನನ್ನೇ ಮದುವೆಯಾದಳು. ರತ್ನಮ್ಮ ಅತ್ತರು, ಕೂಗಾಡಿದರು, ಕೊನೆಗೆ ಅವರೇ ನಿಂತು ಮಾಡಿಸಿದರು. ಅದು ಆಮೇಲಿನ ಮಾತು. ನನಗೆ ಮರೆಯದೆ ಉಳಿದದ್ದು ಆ ಭಾನುವಾರದ ಸಂಜೆ.

ಫುಪ್ಪಿ ವರಾಂಡದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಬಿಡಿಸತೊಡಗಿದೆ. ಮೆಲ್ಲಗೆ ಕೇಳಿದೆ. "ಯಶವಂತಪುರ ಸ್ಟೇಷನ್ನಲ್ಲಿ ನೀವು ಗೀತಾನ ನೋಡಿದ್ರಂತೆ?"

ಅವಳ ಕೈ ನಿಲ್ಲಲಿಲ್ಲ. "ಯಾವ ಗೀತಾ?" ಅಂದಳು.

"ಫುಪ್ಪಿ, ಅವಳೇ ಹೇಳಿದ್ಳು."

"ನನಗೆ ಸಂಜೆ ಹೊತ್ತು ಕಣ್ಣು ಸರಿಯಾಗಿ ಕಾಣಲ್ಲ."

"ಮಾಫ್ ಮಾಡಿದೀನಿ ಅಂತ ಹೇಳು ಅಂದ್ಳು."

ಆಗ ಕೈ ನಿಂತಿತು. ಸಿಪ್ಪೆಯನ್ನೂ ಕಾಳನ್ನೂ ಒಂದೇ ಮೊರಕ್ಕೆ ಹಾಕಿಬಿಟ್ಟಳು. ಮಸೀದಿಯಿಂದ ಸಂಜೆಯ ಮಗ್ರಿಬ್ ನಮಾಜಿನ ಅಜಾನ್ ಕೇಳಿಸಿತು. ಎದ್ದು ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಒಳಗೆ ಹೋಗಿ ನಮಾಜಿಗೆ ನಿಂತಳು. ನಮಾಜು ಮುಗಿಯಿತು. ಅವಳು ಏಳಲಿಲ್ಲ. ಹಣೆ ನೆಲಕ್ಕೆ ಹಚ್ಚಿ ಹಾಗೇ ಇದ್ದಳು, ಭುಜ ಅಲುಗುತ್ತಿತ್ತು.

ಅಮ್ಮಿ ಅಡುಗೆಮನೆಯಿಂದ ಇಣುಕಿ ನೋಡಿ ನನ್ನ ಹತ್ತಿರ ಬಂದಳು. "ನೋಡಿದ್ಯಾ? ಮತ್ತೆ ಶುರುವಾಯ್ತು ಅಳು. ಈ ಸಲ ಯಾರ ತಲೆ ಮೇಲೆ ಕಲ್ಲು ಹಾಕಿ ಬಂದಿದಾಳೋ. ಹೇಳು, ನಿನಗೆ ಏನೋ ಗೊತ್ತಿದೆ."

ಗೊತ್ತಿತ್ತು. ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಮ್ಮಿಯ ಅಷ್ಟು ತಿಂಗಳ ಅನುಮಾನ ಅಲ್ಲೇ ಕರಗಿ, ಅವಳೇ ಫುಪ್ಪಿಯನ್ನು ಎಬ್ಬಿಸಿ ಅಪ್ಪಿಕೊಳ್ಳುತ್ತಿದ್ದಳು. ಆ ಮಾತು ಹೇಳಬೇಕಾದರೆ ಗೀತಾಳ ಹೆಸರು ಹೇಳಬೇಕಿತ್ತು. ಬಾಯಿ ತೆಗೆದೆ. ಒಳಗೆ ಫುಪ್ಪಿ ತಲೆಯೆತ್ತಿ, ತಿರುಗದೆ, ಅಲುಗಾಡದೆ ಕೂತದ್ದು ಕಾಣಿಸಿತು. ಕೇಳಿಸಿಕೊಳ್ಳುತ್ತಿದ್ದಳು.

"ನನಗೇನೂ ಗೊತ್ತಿಲ್ಲಮ್ಮಿ" ಅಂದೆ.

ಅಮ್ಮಿ ನನ್ನ ಮುಖವನ್ನು ಅನುಮಾನದಿಂದ ನೋಡಿ, ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.